ಮದುವೆ ಕಾಗದದ ವಿಮಾನ

ಸೀಟಿನ ಅಗಲ ನಾಲ್ಕೂವರೆ ಮಿಲಿಮೀಟರ್, ಎತ್ತರ ಹನ್ನೊಂದು. ಮೂರು ತುಂಡು ಕಾಗದ ಮಡಿಸಿ ಅಂಟಿಸಿದ್ದು. ಬೆನ್ನಿನ ಹಿಂಬದಿಯನ್ನು ಬೆಳಕಿಗೆ ತಿರುಗಿಸಿದರೆ ಕೆಂಪು ಶಾಯಿಯಲ್ಲಿ ‘ಚಿ.ಸೌ.’ ಎಂಬ ಅಚ್ಚಿನ ಅಕ್ಷರಗಳು ಕಾಣುತ್ತವೆ. ಅದರ ಮುಂದಿದ್ದ ಹುಡುಗಿಯ ಹೆಸರು ಬೇರೆ ಯಾವುದೋ ಸೀಟಿಗೆ ಹೋಗಿದೆ. ಅಕ್ಷರ ಒಳಮೈಗೆ ಬರಬೇಕಿತ್ತು. ನಾನು ಉಲ್ಟಾ ಮಡಿಸಿಬಿಟ್ಟಿದ್ದೆ, ಹಾಗಾಗಿ ಅದನ್ನು ವಿಮಾನದಲ್ಲಿ ಕೂರಿಸಲಿಲ್ಲ. ಸರಿಯಾಗಿದ್ದ ನೂರ ಎಂಬತ್ತು ಸೀಟುಗಳು ಹೋದವು. ತಪ್ಪಾದ ಇದೊಂದು ಜಾಮಿಟ್ರಿ ಡಬ್ಬಿಯಲ್ಲಿ ಉಳಿಯಿತು.

ಕಳೆದ ವಾರ ಕುಮಟಾದ ನನ್ನ ಬಾಡಿಗೆ ಕೋಣೆಗೆ ಸಹೋದ್ಯೋಗಿಯೊಬ್ಬರ ಮನೆಯ ಮದುವೆ ಕಾಗದ ಬಂತು. ಲಕೋಟೆ ತೆರೆದ ಕೂಡಲೇ ಅರಿಸಿನ ಮತ್ತು ಪ್ರೆಸ್ಸಿನ ಶಾಯಿ ಸೇರಿದ ವಾಸನೆ. ಮದುವೆ ಯಾರದು, ಎಲ್ಲಿ ಎಂದು ಓದುವ ಮೊದಲೇ ನನ್ನ ಹೆಬ್ಬೆರಳು ಕಾಗದದ ದಪ್ಪ ನೋಡುತ್ತಿತ್ತು. ಆಮೇಲೆ ಡಬ್ಬಿ ತೆರೆದು ಸೀಟನ್ನು ಚಿಮುಟದಲ್ಲಿ ಎತ್ತಿ ನೋಡಿದೆ. ಮೂರು ವರ್ಷವಾದರೂ ಕೋಪ ಇಳಿದಿಲ್ಲ ಎಂದು ಗೊತ್ತಾಯಿತು. ಇಳಿಯಲಿ ಎಂದು ನಾನೂ ಪ್ರಯತ್ನಪಟ್ಟವಳಲ್ಲ.

ಆ ವರ್ಷ ನಾನು ಹೊನ್ನಾವರದ ಹೊಳೆಯಾಚೆಗಿನ ಕಾಸರಕೋಡದ ಮನೆಯಲ್ಲಿದ್ದೆ. ಧಾರವಾಡದಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ ಭಟ್ಕಳದ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಬೆಳಿಗ್ಗೆ ಎಂಟು ಹತ್ತರ ಬಸ್ಸು, ಸಂಜೆ ವಾಪಸು. ಅಪ್ಪ ದೋಣಿ ಕಟ್ಟುವವನು. ಫೈಬರ್ ದೋಣಿಗಳು ಬಂದ ಮೇಲೆ ಹೊಸ ಮರದ ದೋಣಿ ಕೇಳುವವರು ಕಡಿಮೆಯಾಗಿ, ಆತ ಹೆಚ್ಚಾಗಿ ರಿಪೇರಿ ಮಾಡುತ್ತಿದ್ದ. ನಾನು ಆಯಿ ಎನ್ನುವ ಅಮ್ಮ ಮನೆ ನೋಡಿಕೊಂಡು, ಮಳೆಗಾಲಕ್ಕೆ ಮೊದಲು ಒಣಮೀನಿನ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಇದ್ದದ್ದು ನಾವು ಮೂವರೇ. ನಾಲ್ಕನೆಯವನಾಗಿ ಆಯಿಯ ತಮ್ಮ ವಾಸು ಮಾವ ಹೊನ್ನಾವರದಿಂದ ಸೇತುವೆ ದಾಟಿ ವಾರಕ್ಕೆರಡು ಸಲ ಬರುತ್ತಿದ್ದ. ನಮ್ಮ ಮನೆಯ ಯಾವ ತೀರ್ಮಾನವೂ ಅವನಿಲ್ಲದೆ ಆಗುತ್ತಿರಲಿಲ್ಲ.

ವಿಮಾನ ಶುರುವಾದದ್ದು ಪಾಠದಿಂದ. ಅಳತೆಯ ಪ್ರಮಾಣವನ್ನು ವಿವರಿಸಲು ಬೋರ್ಡಿನ ಮೇಲೆ ಒಂದು ಪ್ರಯಾಣಿಕ ವಿಮಾನದ ಅಡ್ಡ ಕೊಯ್ತವನ್ನು ಬರೆದಿದ್ದೆ. ನಿಜವಾದದ್ದರ ವ್ಯಾಸ ಸುಮಾರು ಮೂರು ಮೀಟರ್ ತೊಂಬತ್ತೈದು ಸೆಂಟಿಮೀಟರ್. ನೂರಕ್ಕೆ ಒಂದರ ಪ್ರಮಾಣದಲ್ಲಿ ಮೂವತ್ತೊಂಬತ್ತೂವರೆ ಮಿಲಿಮೀಟರ್. ಮನೆಗೆ ಬಂದು ಆ ಅಳತೆಯ ಒಂದು ಉಂಗುರವನ್ನು ಕಾಗದದಲ್ಲಿ ಕತ್ತರಿಸಿದೆ. ಅದು ನಿಂತಿತು. ಎರಡನೆಯದನ್ನು ಕತ್ತರಿಸಿದೆ. ವಿಮಾನವೇ ಯಾಕೆ, ಅದರಲ್ಲಿ ಕೂತಾದರೂ ನೋಡಿದ್ದೀಯಾ ಎಂದು ಆಮೇಲೆ ಎಲ್ಲರೂ ಕೇಳಿದರು. ಕೂತಿಲ್ಲ. ಹತ್ತಬೇಕೆಂಬ ಆಸೆಯೂ ಅಂಥದ್ದೇನಿರಲಿಲ್ಲ. ಒಂದು ವಸ್ತು ಹೇಗೆ ನಿಂತಿದೆ ಎಂದು ಒಳಗಿನಿಂದ ತಿಳಿಯುವುದು ನನಗೆ ಸಾಕಿತ್ತು. ಅದಕ್ಕೆ ಹೆಚ್ಚಿನ ಕಾರಣ ಯಾಕೆ ಬೇಕು ಎಂದು ನನಗೆ ಈಗಲೂ ಅರ್ಥವಾಗಿಲ್ಲ.

ಕಾಗದ ಆಯಿಯ ಮರದ ಪೆಟ್ಟಿಗೆಯಿಂದ ಬಂತು. ನಮ್ಮಲ್ಲಿ ಮದುವೆ ಕಾಗದವನ್ನು ಯಾರೂ ಬಿಸಾಡುವುದಿಲ್ಲ. ಅದರ ಮೇಲೆ ಗಣಪತಿಯ ಚಿತ್ರ ಇರುತ್ತದೆ, ನಾಲ್ಕು ಮೂಲೆಗೆ ಅರಿಸಿನ ಹಚ್ಚಿರುತ್ತಾರೆ. ಸುಡುವ ಹಾಗಿಲ್ಲ, ಕಸಕ್ಕೆ ಹಾಕುವ ಹಾಗಿಲ್ಲ. ಹಾಗಾಗಿ ಇಪ್ಪತ್ತು ವರ್ಷದ ಮದುವೆಗಳು ಕಟ್ಟುಕಟ್ಟಾಗಿ ಪೆಟ್ಟಿಗೆಯಲ್ಲಿದ್ದವು. ಒಳ್ಳೆಯ ದಪ್ಪ ಕಾಗದ, ಬೆನ್ನು ಬಿಳಿ, ಮಡಿಸಿದಲ್ಲಿ ಬಿರಿಯುವುದಿಲ್ಲ. ನಾನು ಕೇಳಿಯೇ ತೆಗೆದುಕೊಂಡೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಮುಂದೆ ಎಲ್ಲರೂ ಇದನ್ನು ಮರೆತರು.

“ಆಯಿ, ಈ ಹಳೇ ಮದುವೆ ಕಾಗದ ತಗೊಳ್ಳಲಾ?”

“ತಕ. ಕಾಲಡಿಗೆ ಬರೂಕಾಗ, ಅಷ್ಟೆ,” ಎಂದಳು ಆಯಿ, ಅಕ್ಕಿ ಆರಿಸುತ್ತ.

ಕಾಲಡಿಗೆ ಬರಲಿಲ್ಲ. ಪ್ರತಿ ಕಾಗದದ ಅರಿಸಿನದ ಮೂಲೆಗಳನ್ನೂ ಗಣಪತಿಯ ಚಿತ್ರವನ್ನೂ ಮೊದಲು ಕತ್ತರಿಸಿ ಒಂದು ದೊಡ್ಡ ಲಕೋಟೆಗೆ ಹಾಕಿ ಪೆಟ್ಟಿಗೆಯಲ್ಲೇ ಇಡುತ್ತಿದ್ದೆ. ವಿಮಾನಕ್ಕೆ ಹೋದದ್ದು ಉಳಿದ ಭಾಗ: ಊಟದ ಸಮಯ, ಸಭಾಭವನದ ವಿಳಾಸ, ವಧೂವರರ ಹೆಸರು, ಸುಖಾಗಮನ ಬಯಸುವವರು. ಅಚ್ಚಾದ ಮುಖ ಒಳಗೆ, ಬಿಳಿ ಮುಖ ಹೊರಗೆ. ಕತ್ತರಿಸಿ ಮಿಕ್ಕ ಚೌಕಟ್ಟುಗಳು ಮತ್ತೆ ಕಟ್ಟಿಗೇ ಹೋಗುತ್ತಿದ್ದವು. ಮೂವತ್ತೆಂಟು ಉಂಗುರಗಳ ಒಳಗೆ ಹೊನ್ನಾವರ ತಾಲೂಕಿನ ಎಷ್ಟು ಮದುವೆಗಳಿದ್ದವೋ.

ಕಿಟಕಿಗಳಿಗೆ ಪೆನ್ನಿನ ಹಿತ್ತಾಳೆಯ ರೀಫಿಲ್ ಕೊಳವೆಯಿಂದ ತೂತು ಹೊಡೆದೆ. ಅದರ ಬಾಯಿಯನ್ನು ಅಪ್ಪನ ಸಾಣೆಕಲ್ಲಿನ ಮೇಲೆ ತಿಕ್ಕಿ ಹರಿತ ಮಾಡಿದ್ದೆ. ಒಂದರ ಕೆಳಗೊಂದು ಎರಡು ತೂತು, ನಡುವೆ ಬ್ಲೇಡು ಆಡಿಸಿದರೆ ಮೊಟ್ಟೆಯಾಕಾರದ ಕಿಟಕಿ. ಎಂಜಿನ್ನಿನೊಳಗಿನ ಫ್ಯಾನಿಗೆ ಇಪ್ಪತ್ತನಾಲ್ಕು ಎಸಳು. ಒಂದೊಂದನ್ನೂ ಸೂಜಿಗೆ ಸುತ್ತಿ ತಿರುವು ಕೊಟ್ಟದ್ದು. ಬಾಗಿಲುಗಳು ತೆರೆಯುತ್ತಿದ್ದವು. ಹಿಂದಿನ ಶೌಚಾಲಯದ ಬಾಗಿಲೂ ತೆರೆಯುತ್ತಿತ್ತು, ಅದು ಯಾರಿಗೂ ಕಾಣುವ ಹಾಗಿರಲಿಲ್ಲ. ರಾತ್ರಿ ಊಟಕ್ಕೆ ಮೊದಲು ಒಂದೂವರೆ ಗಂಟೆ, ಭಾನುವಾರ ಪೂರ್ತಿ. ಒಂದು ದೀಪಾವಳಿಯಿಂದ ಮುಂದಿನ ಚೌತಿಯವರೆಗೆ ಇದೇ ಲೆಕ್ಕ.

ಒಳಗಿನ ಅಳತೆಗಳನ್ನು ತಂದುಕೊಟ್ಟವಳು ನಸ್ರೀನ್. ನಮ್ಮ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಿದ್ದಳು, ಭಟ್ಕಳದವಳೇ, ಅಣ್ಣಂದಿರು ದುಬೈಯಲ್ಲಿ. ನಾನು ಮನೆಯ ಹೊರಗೆ ವಿಮಾನದ ವಿಷಯ ಹೇಳಿದ್ದು ಅವಳೊಬ್ಬಳಿಗೆ. ಜನವರಿಯಲ್ಲಿ ದುಬೈಗೆ ಹೋಗುವಾಗ ಟೇಪು ತೆಗೆದುಕೊಂಡು ಹೋಗಿದ್ದಳು.

“ಸೀಟಿಂದ ಸೀಟಿಗೆ ಅಳೀತಾ ಇದ್ದೆ, ಏರ್ ಹೋಸ್ಟೆಸ್ ಬಂದು ಮೇಡಂ ಎಂತ ಮಾಡ್ತಿದೀರಿ ಕೇಳಿದ್ಳು,” ಎಂದಳು ಸ್ಟಾಫ್ ರೂಮಿನಲ್ಲಿ. “ನನ್ನ ಫ್ರೆಂಡ್ ಟೇಲರ್, ಸೀಟಿನ ಕವರ್ ಹೊಲೀತಾಳೆ ಅಂದೆ. ಪಕ್ಕದ ಮುದುಕ ನಂಬರ್ ಕೇಳ್ದ, ಮನೆ ಸೋಫಾಕ್ಕೆ ಹೊಲಿಸ್ಬೇಕಂತೆ.”

“ಕೊಟ್ಯಾ?”

“ಪ್ರಿನ್ಸಿಪಾಲರದ್ದು ಕೊಟ್ಟೆ.”

ಅವಳ ತಾಯಿಗೆ ಮೊಣಕಾಲಿನ ಆಪರೇಷನ್ ಆಗಿ ಇನ್ನು ಪ್ರಯಾಣ ಬೇಡ ಎಂದಿದ್ದರು. ವಿಮಾನ ಮುಗಿದ ಕೂಡಲೇ ಒಂದು ದಿನ ಅವರ ಮನೆಗೆ ತಂದು ತೋರಿಸಬೇಕೆಂದು ಮಾತಾಗಿತ್ತು. ಚೌತಿಯ ನಂತರದ ಸೋಮವಾರ ಎಂದು ದಿನವನ್ನೂ ಹೇಳಿಬಿಟ್ಟಿದ್ದೆ. ನಾನು ಸಾಮಾನ್ಯವಾಗಿ ಹಾಗೆ ಮಾತು ಕೊಡುವವಳಲ್ಲ.

ಅಪ್ಪ ಹೆಚ್ಚು ಕೇಳುತ್ತಿರಲಿಲ್ಲ. ಫೆಬ್ರವರಿಯಲ್ಲಿ ಒಮ್ಮೆ ಚಹಾ ಲೋಟ ಹಿಡಿದು ನನ್ನ ಮೇಜಿನ ಹತ್ತಿರ ನಿಂತ. ಉಂಗುರಗಳ ಮೇಲೆ ಉದ್ದ ಪಟ್ಟಿಗಳನ್ನು ಅಂಟಿಸಿ ಮೈ ಹೊದಿಸುತ್ತಿದ್ದೆ. ಎಡಬದಿ ಮುಗಿದಿತ್ತು. ಎಷ್ಟು ನೋಡಿದರೂ ಬಾಲ ಎರಡು ಡಿಗ್ರಿ ಓರೆ, ಯಾಕೆಂದು ತಿಳಿಯುತ್ತಿರಲಿಲ್ಲ.

“ಒಂದೇ ಬದಿಗೆ ಹೊಡ್ಕಂತ ಹೋಗಿದ್ದೆ ನೀನು,” ಎಂದ. “ಹಲಗೆ ಆ ಬದಿಗೊಂದು ಈ ಬದಿಗೊಂದು ಕೂರಸ್ಬೇಕು. ಇಲ್ಲಾಂದ್ರೆ ಎಳ್ಕಂತದೆ. ದೋಣಿಗೂ ಹಂಗೇಯ.”

ಹನ್ನೊಂದು ಪಟ್ಟಿ ಕಿತ್ತು ಮೊದಲಿನಿಂದ ಅಂಟಿಸಿದೆ. ಬಾಲ ನೇರವಾಯಿತು. ಅಂದಿನಿಂದ ಅಪ್ಪ ಊಟಕ್ಕೆ ಕೂರುವಾಗ “ಎಲ್ಲಿಗೆ ಬಂತು ನಿನ್ನ ದೋಣಿ?” ಎಂದು ಕೇಳುತ್ತಿದ್ದ. ನಾನು “ರೆಕ್ಕೆಗೆ ಬಂತು” ಎಂದೋ “ಚಕ್ರ” ಎಂದೋ ಹೇಳುತ್ತಿದ್ದೆ. ನಮ್ಮಿಬ್ಬರ ನಡುವೆ ಅಷ್ಟು ಮಾತು ಅದಕ್ಕೆ ಮೊದಲು ಇರಲಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಮಳೆ ಹಿಡಿದ ಎರಡನೇ ವಾರ ಕುಮಟಾದಿಂದ ನನ್ನನ್ನು ನೋಡಲು ಬಂದರು. ಸಂಬಂಧ ತಂದವನು ವಾಸು ಮಾವ. ಹುಡುಗ ಬ್ಯಾಂಕಿನಲ್ಲಿ, ಜೊತೆಗೆ ಅವನ ತಾಯಿ ಮತ್ತು ಅಣ್ಣ. ಮಾವ ಬೆಳಿಗ್ಗೆಯೇ ಬಂದು ಕಪಾಟಿನ ಮೇಲಿದ್ದ ವಿಮಾನದ ಮೇಲೆ ಬಟ್ಟೆ ಹೊದಿಸಿದ್ದ. “ಮಕ್ಕಳಾಟ ಕಂಡ್ರೆ ಎಂತ ತಿಳ್ಕಂತಾರೆ,” ಎಂದಿದ್ದ.

ಶಿರಾ, ಅವಲಕ್ಕಿ, ಚಹಾ ಆಯಿತು. ಹುಡುಗನ ತಾಯಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು: “ಕೆಲ್ಸ ಪರ್ಮನೆಂಟ್ ಅಂದ್ರು ನಿಮ್ಮ ಮಾವ. ಕುಮಟಾಕ್ಕೆ ವರ್ಗ ಮಾಡಿಸ್ಕಳೂಕೆ ಆಗ್ತದಾ ತಂಗಿ?”

“ಪರ್ಮನೆಂಟ್ ಅಲ್ಲ. ಅತಿಥಿ ಉಪನ್ಯಾಸಕಿ. ವರ್ಷ ವರ್ಷ ಹೊಸ ಆದೇಶ ಬರಬೇಕು. ವರ್ಗ ಅಂತ ಇರೋದಿಲ್ಲ.”

ಮಾವ ನಕ್ಕ. “ಅದೆಲ್ಲ ಹೆಸರಿಗಷ್ಟೆ. ಬರೂ ವರ್ಷ ಪರ್ಮನೆಂಟ್ ಆಗ್ತದೆ.”

“ಹಾಗೇನೂ ಇಲ್ಲ ಮಾವ,” ಎಂದೆ.

ಹುಡುಗನ ಅಣ್ಣ ಮಳೆಯ ಬಗ್ಗೆ ಏನೋ ಹೇಳಿದ. ಅವರು ಎದ್ದು ಹೋದ ಮೇಲೆ ಮಾವ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದ: “ಕೇಳಿದ್ದಕ್ಕೆಲ್ಲ ಉತ್ರ ಬರೆಯೂಕೆ ಇದೆಂತ ಪರೀಕ್ಷೆಯನೆ?” ಮೂರು ವಾರದ ಮೇಲೆ ಫೋನು ಬಂತು, ಸದ್ಯಕ್ಕೆ ಬೇಡ ಎಂದು. ಕಾರಣ ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೇಳಲು ಆಗುತ್ತಿರಲಿಲ್ಲ. ಹೇಳಿದರೆ ವಾಸು ಮಾವ ಸುಳ್ಳು ಹೇಳಿದ ಎಂದ ಹಾಗಾಗುತ್ತಿತ್ತು. ಹಾಗಾಗಿ ನಮ್ಮ ಮನೆಗೆ ಬೇರೊಂದು ಕಾರಣ ಬೇಕಾಗಿತ್ತು.

ಅದು ಆಗಸ್ಟಿನಲ್ಲಿ ಸಿಕ್ಕಿತು. ಮಾವನ ಮಗಳು ರಮ್ಯಾಳಿಗೆ ಮದುವೆ ನಿಶ್ಚಯವಾಗಿ, ಕಾರ್ತಿಕದಲ್ಲಿ ಮುಹೂರ್ತ ಇಟ್ಟಿದ್ದರು. ಚೌತಿಗೆ ಮೊದಲ ಕಾಗದವನ್ನು ಗಣಪತಿಯ ಮುಂದೆ ಇಡಬೇಕು ಎಂದು ಮಾವನಿಗೆ ಅವಸರ.

“ಅಕ್ಕಾ, ಆ ಹಳೇ ಕಾಗದದ ಕಟ್ಟು ತಾ. ಯಾರ ಹೆಸ್ರು ಎಲ್ಲಿ ಹಾಕ್ತಾರೆ ಹೇಳಿ ಒಂದು ನಮೂನೆ ನೋಡ್ವ,” ಎಂದ.

ನಾನು ಕಿಟಕಿಯ ಹತ್ತಿರ ಕೂತು ವಿಮಾನಕ್ಕೆ ಬಣ್ಣವಿಲ್ಲದ ವಾರ್ನಿಷಿನ ಎರಡನೇ ಕೈ ಹಚ್ಚುತ್ತಿದ್ದೆ. ಜುಲೈ ಪೂರ್ತಿ ಅದನ್ನು ಬೂಷ್ಟಿನಿಂದ ಕಾಪಾಡಿದ್ದೇ ದೊಡ್ಡ ಕೆಲಸವಾಗಿತ್ತು. ಬಿಸ್ಕಿಟಿನ ದೊಡ್ಡ ಡಬ್ಬದೊಳಗೆ ಬಲ್ಬು ಉರಿಸಿ, ಅದರ ಮೇಲೆ ಒಂದೊಂದೇ ಭಾಗ ಇಟ್ಟು ಒಣಗಿಸಿದ್ದೆ. ಮಾವ ಕಟ್ಟು ಬಿಚ್ಚಿದ. ಮೊದಲ ಕಾಗದ ಎತ್ತಿದ. ಮೂಲೆಗಳಿಲ್ಲ, ನಡುವೆ ಆಯತಾಕಾರದ ತೂತು. ಎರಡನೆಯದೂ ಹಾಗೇ, ಮೂರನೆಯದರಲ್ಲಿ ವರನ ಹೆಸರು ಅರ್ಧಕ್ಕೆ ನಿಂತಿತ್ತು. ಅವನು ಕಾಗದವನ್ನು ಮುಖದ ಎತ್ತರಕ್ಕೆ ಹಿಡಿದು ಆ ತೂತಿನಿಂದ ನನ್ನನ್ನು ನೋಡಿದ.

“ಕಂಡವ್ರ ಲಗ್ನ ಕತ್ತರ್ಸತಾ ಕೂತ್ರೆ ನಮ್ಮನೇಲಿ ಲಗ್ನ ಆಗೂದು ಹೆಂಗೆ?” ಎಂದ ನಿಧಾನವಾಗಿ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಹುಡುಕುತ್ತಿದ್ದ ವಸ್ತು ಸಿಕ್ಕಿದವನ ಹಾಗಿತ್ತು.

ಆಯಿ ಅಡುಗೆಮನೆಯಿಂದ ಬಂದಳು. ನಾನು ಪೆಟ್ಟಿಗೆಯಿಂದ ಲಕೋಟೆ ತಂದು ಅವರ ಮುಂದೆ ಇಟ್ಟೆ. ಅರಿಸಿನ, ಗಣಪತಿ ಎಲ್ಲ ಇದರಲ್ಲಿದೆ, ವಿಮಾನದಲ್ಲಿರುವುದು ವಿಳಾಸ ಮತ್ತು ಊಟದ ಸಮಯ ಎಂದೆ. ನೀನೇ ತಗೋ ಎಂದಿದ್ದೆ ಎಂದೂ ನೆನಪಿಸಿದೆ.

“ನಾ ಅಂದದ್ದು ಎಂತದೋ ಬರೆಯೂಕೆ ಬೇಕಾಗಿತ್ತೇನ ಹೇಳಿ,” ಎಂದಳು ಆಯಿ. ಆಮೇಲೆ ನೆಲದ ಮೇಲೆ ಕೂತು ಕಟ್ಟನ್ನು ಒಂದೊಂದಾಗಿ ನೋಡತೊಡಗಿದಳು. ಯಾರ ಸಂಸಾರ ಹೇಗಿದೆ ಎಂದು ಹುಡುಕುತ್ತಿದ್ದಳು. “ಈ ಮಂಕಿ ಊರಿನ ಹುಡ್ಗಿ ಗಂಡನ ಮನೆಯಿಂದ ತಿರ್ಗಿ ಬಂತಲ್ಲ. ಇದ್ರದ್ದೂ ಕತ್ತರ್ಸಿಯಲೆ.”

“ಅವಳು ತಿರುಗಿ ಬಂದು ನಾಲ್ಕು ವರ್ಷ ಆಯ್ತು ಆಯಿ. ನಾನು ಕತ್ತರಿಸಿದ್ದು ಈ ವರ್ಷ.”

“ಓದಿದವ್ರ ಹತ್ರ ಮಾತಾಡೂಕಾಗ್ತದಾ,” ಎಂದ ಮಾವ.

ಮರುವಾರ ಮಾವ ಬಂದು, ಭಟ್ಟರ ಹತ್ತಿರ ಕೇಳಿದೆ, ಆ ವಿಮಾನವನ್ನು ನೀರಿಗೆ ಬಿಡಬೇಕಂತೆ ಎಂದ. ಯಾವ ಭಟ್ಟರು ಎಂದು ಕೇಳಿದೆ. ಮಾವ ಹೊಸ ಕಾಗದದ ಖರ್ಚಿನ ಮಾತೆತ್ತಿದ. ನೀರಿಗೆ ಬಿಡುವುದಾದರೆ ಲಕೋಟೆ ಬಿಡಿ, ವಿಮಾನ ಕೊಡುವುದಿಲ್ಲ ಎಂದೆ. ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. “ಹಬ್ಬ ಕಳೀಲಿ, ಆಮೇಲೆ ನೋಡ್ವ,” ಎಂದಳು ಆಯಿ. ನಾನು ಅದನ್ನು ಒಪ್ಪಂದ ಎಂದುಕೊಂಡೆ.

ನಸ್ರೀನಳಿಗೆ ಹೇಳಿದಾಗ ಅವಳು ನಗಲಿಲ್ಲ. “ಬೀಗ ಹಾಕಿಡು,” ಎಂದಳು. “ಇಲ್ಲಾ ಈಗಲೇ ನಮ್ಮನೆಗೆ ತಂದಿಡು. ನಮ್ಮನೆ ಕಪಾಟಲ್ಲಿ ಜಾಗ ಇದೆ.” ನಾನು ಎರಡನ್ನೂ ಮಾಡಲಿಲ್ಲ. ನಮ್ಮ ಮನೆಯಲ್ಲಿ ಒಳಗಿನ ಕಪಾಟಿಗೆ ಬೀಗ ಹಾಕಿದರೆ ಮನೆಯವರನ್ನೇ ಕಳ್ಳರೆಂದ ಹಾಗೆ. ಅವರು ಹಾಗಲ್ಲ ಎಂದು ನಾನು ನಂಬಿದ್ದೆ. ಈ ಒಂದು ವಿಷಯಕ್ಕೆ ನನ್ನ ಮೇಲೂ ನನಗೆ ಕೋಪವಿದೆ.

ನಮ್ಮ ಮನೆಯ ಗಣಪತಿ ಒಂದೂವರೆ ದಿನದ್ದು. ಚೌತಿಯ ಬೆಳಿಗ್ಗೆ ಮಾವ ಹೊಸ ಕಾಗದಗಳನ್ನು ತಂದು ಗಣಪತಿಯ ಮುಂದೆ ಇಟ್ಟು ಪೂಜೆ ಮಾಡಿಸಿದ. ಗಣಪತಿಯ ತಲೆಯ ಮೇಲೆ ತೂಗುವ ಫಲಾವಳಿ: ಹೀರೆ, ಮೊಗೆಕಾಯಿ, ಅಡಿಕೆ ಗೊನೆ, ಹಲಸಿನ ಎಲೆಯ ನಡುವೆ ಕಟ್ಟಿದ ಮಾದಲಕಾಯಿ. ಒಂದು ಕಾಗದವನ್ನು ನಮ್ಮ ಮನೆಗೆಂದು ಅರಿಸಿನ ಹಚ್ಚಿ ಆಯಿಯ ಕೈಗೆ ಕೊಟ್ಟ. ದಪ್ಪ ಕಾಗದ, ಕೆನೆಬಣ್ಣ, ಅಂಚಿಗೆ ಬಂಗಾರದ ಗೆರೆ. “ತಂಗೀ, ಇದ್ನಾದ್ರೂ ಬಿಡು,” ಎಂದ ನನ್ನ ಕಡೆ ನೋಡಿ. ನೆಂಟರೆಲ್ಲ ನಕ್ಕರು. ಆಯಿಯೂ ನಕ್ಕಳು.

ಮಾರನೇ ದಿನ ಕಾಲೇಜಿನಲ್ಲಿ ಆಂತರಿಕ ಪರೀಕ್ಷೆ ಇತ್ತು. ನಾನು ಹೋಗಲೇಬೇಕಿತ್ತು, ಅತಿಥಿ ಉಪನ್ಯಾಸಕರಿಗೆ ರಜೆ ಎಂಬುದು ಇರುವುದಿಲ್ಲ. ಬೆಳಿಗ್ಗೆ ಹೊರಡುವಾಗ ಕಪಾಟಿನ ಮೇಲೆ ಬಟ್ಟೆಯ ಕೆಳಗೆ ಬಾಲದ ತುದಿ ಎದ್ದು ಕಾಣುತ್ತಿತ್ತು. ಸಂಜೆ ಐದೂವರೆಗೆ ಬಸ್ಸಿಳಿದು ಮನೆಗೆ ಬಂದರೆ ಮನೆ ಖಾಲಿ. ಗಣಪತಿಯ ಪೀಠ ಖಾಲಿ. ಹೊದಿಸಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಪಾಟಿನ ಮೇಲೆ ಇಟ್ಟಿದ್ದರು. ಆ ಮಡಿಕೆಯ ಅಚ್ಚುಕಟ್ಟನ್ನು ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ.

ಬ್ಯಾಗು ಹೆಗಲಲ್ಲಿದ್ದ ಹಾಗೇ ದಡಕ್ಕೆ ಓಡಿದೆ. ಮಳೆ ನಿಂತು ಮೋಡದ ಕೆಳಗೆ ಸ್ವಲ್ಪ ಬೆಳಕಿತ್ತು. ಹೊಳೆ ಸಮುದ್ರ ಸೇರುವ ಕಡೆಯಿಂದ ಭರತದ ನೀರು ಒಳಗೆ ಬರುತ್ತಿತ್ತು. ಕೇರಿಯವರೆಲ್ಲ ದಡದಲ್ಲಿ ನಿಂತಿದ್ದರು. ದೋಣಿ ಆಗಲೇ ನಾಲ್ಕು ಮಾರು ಮುಂದೆ ಹೋಗಿತ್ತು. ಅದರಲ್ಲಿ ಅಪ್ಪ, ಮಾವ, ಹುಟ್ಟು ಹಾಕುವ ಇಬ್ಬರು. ಗಣಪತಿಯನ್ನು ಮೂರು ಸಲ ಮುಳುಗಿಸಿ ಎತ್ತಿ ಬಿಟ್ಟರು. ಆಮೇಲೆ ಬಾಡಿದ ಹೂವಿನ ಬುಟ್ಟಿ. ಆಮೇಲೆ ಮಾವ ಬಗ್ಗಿ ಎತ್ತಿದ್ದು ನನ್ನ ವಿಮಾನ. ಒಂದು ಕೈಯಲ್ಲಿ, ರೆಕ್ಕೆಯ ತುದಿ ಹಿಡಿದು.

ನಾನು ಅಪ್ಪಾ ಎಂದು ಕೂಗಿದೆ. ಒಂದೇ ಸಲ. ಅಪ್ಪ ತಿರುಗಿ ನನ್ನನ್ನು ನೋಡಿದ. ನೋಡಿದ ಎಂದು ನನಗೆ ಖಚಿತವಾಗಿ ಗೊತ್ತು. ಆಮೇಲೆ ಮಾವನ ಕೈಯಿಂದ ವಿಮಾನ ತೆಗೆದುಕೊಂಡ. ಎರಡೂ ಅಂಗೈ ಹೊಟ್ಟೆಯ ಕೆಳಗೆ ಕೊಟ್ಟು, ಮೂತಿಯನ್ನು ಹರಿವಿಗೆ ಎದುರು ಮಾಡಿ, ಹೊಸ ದೋಣಿಯನ್ನು ನೀರಿಗಿಡುವ ಹಾಗೆ ಇಟ್ಟ.

ಅದು ಮುಳುಗಲಿಲ್ಲ.

ಎರಡು ಕೈ ವಾರ್ನಿಷ್ ಆಗಿತ್ತು, ಬಾಗಿಲುಗಳು ಮುಚ್ಚಿದ್ದವು, ರೆಕ್ಕೆಗಳು ಎರಡು ಬದಿಗೆ ಸಮವಾಗಿ ತೂಕ ಹಿಡಿದಿದ್ದವು. ಅದು ನೇರವಾಗಿ ನಿಂತು ತೇಲಿತು. ದಡದಲ್ಲಿ ಯಾರೋ ಹೆಂಗಸು, “ಅಬ್ಬಾ, ಎಷ್ಟ್ ಚಂದ ನಿಂತದೆ ನೋಡೆ,” ಎಂದಳು. ಒಬ್ಬ ಕೂಗಿದ: “ಏ ವಾಸು, ಟಿಕೇಟ್ ತಗಂಡ್ಯನಾ? ದುಬೈಗೆ ಹೊಂಟ್ತಲ್ಲ!” ಎಲ್ಲರೂ ನಕ್ಕರು. ಮಾವನೂ ನಗಲು ನೋಡಿದ. ಆಮೇಲೆ ದೋಣಿಯ ಬಿದಿರಿನ ಜಲ್ಲೆ ಎತ್ತಿಕೊಂಡು ವಿಮಾನದ ಬೆನ್ನಿಗೆ ಊರಿದ.

ಅದು ಒಳಗೆ ಹೋಗಿ ಪಕ್ಕದಲ್ಲಿ ಮೇಲೆ ಬಂತು. ಮತ್ತೆ ಊರಿದ. ಬಲಗಡೆಯ ರೆಕ್ಕೆ ಬುಡದಿಂದ ಮುರಿದು ನೆಟ್ಟಗೆ ನಿಂತಿತು. ಮೂರನೇ ಸಲ ಜಲ್ಲೆಯನ್ನು ಹಾಗೇ ಒತ್ತಿ ಹಿಡಿದು ದಡದ ಕಡೆ ನೋಡುತ್ತ ಕಾದ. ಎಷ್ಟು ಹೊತ್ತು ಎಂದು ನಾನು ಎಣಿಸಲಿಲ್ಲ. ಎಲ್ಲವನ್ನೂ ಅಳೆಯುವ ನಾನು ಅದೊಂದನ್ನು ಅಳೆಯಲಿಲ್ಲ. ಜಲ್ಲೆ ಎತ್ತಿದಾಗ ಏನೂ ಮೇಲೆ ಬರಲಿಲ್ಲ. ನನ್ನ ಬ್ಯಾಗಿನಲ್ಲಿ ನಲವತ್ತೆರಡು ಉತ್ತರಪತ್ರಿಕೆಗಳಿದ್ದವು. ನಾನು ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದೆ.

ಮನೆಯಲ್ಲಿ ಆಯಿ ನೆಂಟರಿಗೆ ಪಂಚಕಜ್ಜಾಯ ಹಂಚುತ್ತಿದ್ದಳು. ನನ್ನ ಕೈಗೂ ಹಾಕಲು ಬಂದಳು. ನಾನು ಕೈ ಚಾಚಲಿಲ್ಲ. ಮಾವ ಜಗಲಿಯಲ್ಲಿ ಕಾಲು ಒರೆಸಿಕೊಳ್ಳುತ್ತಿದ್ದ. ಎದುರಿಗೆ ಹೋಗಿ ನಿಂತೆ.

“ಮಾವ, ಕುಮಟಾದವರು ಬೇಡ ಅಂದದ್ದು ನೀನು ಸುಳ್ಳು ಹೇಳಿದ್ದಕ್ಕೆ. ಪರ್ಮನೆಂಟ್ ಅಂತ ಹೇಳಿದ್ದು ನೀನು. ಅಲ್ಲ ಅಂತ ಹೇಳಿದ್ದು ನಾನು. ಕಾಗದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿನಗೂ ಅದು ಗೊತ್ತುಂಟು.”

ಮಾವ ಕಾಲು ಒರೆಸುವುದನ್ನು ಮುಗಿಸಿ ಬಟ್ಟೆಯನ್ನು ಗೂಟಕ್ಕೆ ಹಾಕಿದ. “ನಿನ್ನ ಒಳ್ಳೇದಕ್ಕೇ ಮಾಡದ್ದು ತಂಗಿ. ಕಾಗದದ ಆಟಿಕೆ. ಇನ್ನೊಂದು ಮಾಡ್ಕಂಬುಕೆ ಎಂತ ಕಷ್ಟ?”

“ಮಾವಂಗೆ ಹಂಗೆಲ್ಲ ಹೇಳೂಕಾಗ,” ಎಂದಳು ಆಯಿ. “ಹಬ್ಬದ ದಿನ. ತಪ್ಪಾತು ಹೇಳು.”

ನಾನು ಹೇಳಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಮಾವನ ಕಡೆ ತಿರುಗಿ ಹೌದೇನೋ ಎಂದು ಕೇಳಲಿಲ್ಲ. ಸುಳ್ಳು ಹೇಳಿದವನು ಚಹಾ ಕುಡಿದ. ನಿಜ ಹೇಳಿದವಳಿಗೆ ಬುದ್ಧಿ ಹೇಳಲು ಮೂರು ಜನ ಸಾಲಾಗಿ ಬಂದರು. ಒಬ್ಬ ಅತ್ತೆ ನನ್ನ ತಲೆ ಸವರಿ, ಈಗ ನೋಡು, ವರ್ಷದೊಳಗೆ ಲಗ್ನ ಆಗ್ತದೆ ಎಂದಳು.

ನೆಂಟರು ಹೋದ ಮೇಲೆ ಅಪ್ಪ ಹಿತ್ತಿಲಲ್ಲಿ ನಿಂತಿದ್ದ.

“ನೀನೇ ಇಟ್ಟೆ,” ಎಂದೆ.

“ಅವ ಎಸೀತಿದ್ದ,” ಎಂದ ಅಪ್ಪ. “ಎಸೂದು ಬೇಡ ಹೇಳಿ ನಾ ಇಟ್ಟೆ.” ಅಂಗೈಗಳನ್ನು ಪಂಚೆಗೆ ಒರೆಸಿಕೊಂಡು ಹೇಳಿದ: “ಚಲೋ ತೇಲ್ತು.”

ಅದನ್ನು ಅವನು ಪ್ರೀತಿಯಿಂದಲೇ ಹೇಳಿದ್ದು. ನನಗೆ ಅದು ತಿಳಿಯುತ್ತದೆ. ಆದರೆ ದೋಣಿಯಲ್ಲಿ ಅವನ ಕೈಯಲ್ಲಿ ಅದು ಇತ್ತು. ನಾನು ಕೂಗಿದ್ದು ಅವನಿಗೆ ಕೇಳಿತ್ತು. ವಾಪಸು ತರಬಹುದಿತ್ತು. ನಾಲ್ಕು ಮಾರು ದೂರ ಅಷ್ಟೆ. ಮೆಲ್ಲಗೆ ಇಟ್ಟೆ ಎಂಬ ಉತ್ತರ ನನಗೆ ಅಂದೂ ಸಾಕಾಗಲಿಲ್ಲ, ಇಂದೂ ಸಾಕಾಗುವುದಿಲ್ಲ. ಮಾವನ ಮೇಲಿನ ಕೋಪಕ್ಕಿಂತ ಇದು ಗಟ್ಟಿಯಾಗಿ ಉಳಿದಿದೆ, ಯಾಕೆಂದರೆ ಮಾವನಿಗೆ ಅದೇನೆಂದು ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು.

ಮಾರನೇ ಬೆಳಿಗ್ಗೆ ಆರು ಗಂಟೆಗೆ ಎದ್ದೆ. ಸ್ನಾನ ಮಾಡಿದೆ. ದೇವರ ಗೂಡಿನಿಂದ ವಾಸು ಮಾವನ ಮನೆಯ ಕಾಗದ ತೆಗೆದು ಕಿಟಕಿಯ ಹತ್ತಿರದ ಮೇಜಿನ ಮೇಲೆ ಬಿಡಿಸಿ ಇಟ್ಟೆ. ಉಕ್ಕಿನ ಅಳತೆಪಟ್ಟಿ, ಕೈವಾರ, ಹೊಸ ಬ್ಲೇಡು. ಆಯಿ ಒಲೆಯ ಹತ್ತಿರದಿಂದ ಎದ್ದು ಬಾಗಿಲಿಗೆ ಬಂದಳು.

“ತಂಗೀ, ಅದು ರಮ್ಯನ ಮದುವೆದು.”

“ಗೊತ್ತು.”

ಅರಿಸಿನ ಹಚ್ಚಿದ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಕತ್ತರಿಸಿದೆ. ಗಣಪತಿಯನ್ನು ಸುತ್ತ ಗೆರೆ ಬಿಟ್ಟು ಕತ್ತರಿಸಿದೆ. ಐದೂ ತುಂಡುಗಳನ್ನು ಆಯಿಯ ಅಂಗೈಯಲ್ಲಿಟ್ಟೆ. “ನೀರಿಗೆ ಬಿಡಬೇಕಾದ್ದು ಇಷ್ಟೇ,” ಎಂದೆ. ಅವಳು ಕೈ ಮುಚ್ಚಲೂ ಇಲ್ಲ, ಕೆಳಗೆ ಹಾಕಲೂ ಇಲ್ಲ, ಹಾಗೇ ಹಿಡಿದು ನಿಂತಿದ್ದಳು.

ಕಾಗದ ತಿರುಗಿಸಿ ಬಿಳಿ ಮುಖ ಮೇಲೆ ಮಾಡಿದೆ. ಕೈವಾರವನ್ನು ಹತ್ತೊಂಬತ್ತು ಮುಕ್ಕಾಲು ಮಿಲಿಮೀಟರಿಗೆ ಇಟ್ಟು ವೃತ್ತ ಎಳೆದೆ, ಅದರೊಳಗೆ ಇನ್ನೊಂದು. ಮೊದಲ ಉಂಗುರ ಬೇರೆಯಾದಾಗ ಏಳೂವರೆ. ಅದನ್ನು ಪುಸ್ತಕದ ನಡುವೆ ಇಟ್ಟು, ಬ್ಲೇಡು ಒರೆಸಿ, ಉತ್ತರಪತ್ರಿಕೆಗಳ ಬ್ಯಾಗು ಎತ್ತಿಕೊಂಡು ಎಂಟು ಹತ್ತರ ಬಸ್ಸಿಗೆ ಹೋದೆ. ಪುಸ್ತಕ ನನ್ನ ಬ್ಯಾಗಿನಲ್ಲಿತ್ತು.